ಹತ್ತು ನಿಮಿಷದ ದಾರಿ

ಲಿಟ್ಲ್ ಫ್ಲವರ್ ಎಂಬ ಹೆಸರಿನ ಶಾಲೆಗಳು ಕೇರಳದಲ್ಲಿಯೂ ಕರ್ನಾಟಕದಲ್ಲಿಯೂ ಅನೇಕ. ಆ ಹೆಸರು ಯಾರದೆಂದು ಅಲ್ಲಿ ಓದುವ ಮಕ್ಕಳನ್ನು ಕೇಳಿದರೆ ಎಲ್ಲರೂ ಹೇಳಲಾರರು. ಫ್ರಾನ್ಸ್ ದೇಶದ ಲಿಸಿಯೂ ಪಟ್ಟಣದ ಕಾರ್ಮೆಲ್ ಮಠದಲ್ಲಿ ಬಾಳಿದ ಸಂತ ತೆರೇಸಾಳೇ ಆ ‘ಪುಟ್ಟ ಹೂ’. 1873ರಲ್ಲಿ ಹುಟ್ಟಿ, 15ನೆಯ ವಯಸ್ಸಿನಲ್ಲಿ ಮಠವನ್ನು ಸೇರಿ, 1897ರಲ್ಲಿ 24 ವರ್ಷದವಳಾಗಿದ್ದಾಗ ಕ್ಷಯರೋಗದಿಂದ ತೀರಿಕೊಂಡವಳು. ಅದೇ ಸಭೆಯ ಸನ್ಯಾಸಿನಿಯರು ಫ್ರಾನ್ಸಿನಿಂದ ಹಡಗೇರಿ ಬಂದು ಮಂಗಳೂರಿನಲ್ಲಿ ಮಠವನ್ನು ಸ್ಥಾಪಿಸಿದ್ದು ಆಕೆ ಹುಟ್ಟುವುದಕ್ಕೆ ಮೂರು ವರ್ಷ ಮೊದಲು, 1870ರಲ್ಲಿ.

ತೆರೇಸಾ ಆಸ್ಪತ್ರೆ ಕಟ್ಟಿಸಲಿಲ್ಲ, ದೇಶ ಸುತ್ತಿ ಉಪದೇಶ ಮಾಡಲಿಲ್ಲ. ಮಠದ ಗೋಡೆಗಳ ನಡುವೆ ಸುಮಾರು 25 ಮಂದಿ ಹೆಂಗಸರೊಡನೆ ಒಂಬತ್ತು ವರ್ಷ ಬಾಳಿದಳು. ಅವರಲ್ಲಿ ಒಡಹುಟ್ಟಿದ ಅಕ್ಕಂದಿರಿದ್ದರು. ಸಹಿಸುವುದಕ್ಕೆ ಕಷ್ಟವಾದ ಸ್ವಭಾವದವರೂ ಇದ್ದರು. ಅಂಥವರೊಡನೆ ಹೇಗೆ ಬಾಳಿದಳೆಂಬುದನ್ನು ಆಕೆ ಸಾಯುವ ಕೆಲವು ತಿಂಗಳ ಮೊದಲು ಮಠದ ಹಿರಿಯಳ ಅಪ್ಪಣೆಯಂತೆ ಬರೆದಿಟ್ಟಳು.

ಮಠದಲ್ಲಿ ಕಾಯಿಲೆಯಿಂದ ನರಳುತ್ತಿದ್ದ ಒಬ್ಬ ವೃದ್ಧ ಸನ್ಯಾಸಿನಿ ಇದ್ದರು. ಅವರನ್ನು ಮೆಚ್ಚಿಸುವುದು ಸುಲಭವಲ್ಲವೆಂದು ತೆರೇಸಾಳಿಗೆ ಚೆನ್ನಾಗಿ ತಿಳಿದಿತ್ತು. ಆದರೂ ಸಂಜೆ ಪ್ರಾರ್ಥನಾಮಂದಿರದಿಂದ ಭೋಜನಶಾಲೆಗೆ ಅವರನ್ನು ಕರೆದೊಯ್ಯುವ ಕೆಲಸವನ್ನು ತಾನಾಗಿ ವಹಿಸಿಕೊಂಡಳು. ಆರು ಗಂಟೆಗೆ ಹತ್ತು ನಿಮಿಷ ಇರುವಾಗ ವೃದ್ಧೆ ತಮ್ಮ ಮರಳುಗಡಿಯಾರವನ್ನು ಅಲ್ಲಾಡಿಸುವರು, ಹೊರಡೋಣ ಎಂದರ್ಥ. ಪೀಠವನ್ನು ಅವರು ಹೇಳಿದ ರೀತಿಯಲ್ಲಿಯೇ ಎತ್ತಿಕೊಳ್ಳಬೇಕು. ಅವರ ಸೊಂಟಪಟ್ಟಿಯನ್ನು ಹಿಂದಿನಿಂದ ಹಿಡಿದು ನಡೆಯಬೇಕು. ಹೆಜ್ಜೆ ಚುರುಕಾದರೆ ಬೀಳಿಸುತ್ತೀಯೆ ಎಂಬ ಗದರಿಕೆ. ನಿಧಾನವಾದರೆ ಕೈಬಿಟ್ಟೆ ಎಂಬ ದೂರು. ಇಷ್ಟು ಚಿಕ್ಕವಳಿಂದ ಈ ಕೆಲಸ ಆಗದೆಂದು ತಾನು ಮೊದಲೇ ಹೇಳಿರಲಿಲ್ಲವೇ ಎಂಬ ಆಕ್ಷೇಪ. ಭೋಜನಶಾಲೆಯಲ್ಲಿ ಅವರನ್ನು ಕೂರಿಸಿ, ಅಂಗಿಯ ತೋಳನ್ನು ಅವರು ಬಯಸಿದಂತೆ ಮಡಿಚಿದರೆ ಕೆಲಸ ಮುಗಿಯಿತು.

ತೆರೇಸಾ ಅಲ್ಲಿಗೆ ನಿಲ್ಲಿಸಲಿಲ್ಲ. ಆ ಕೈಗಳು ರೊಟ್ಟಿಯನ್ನು ಕತ್ತರಿಸಲು ಪಡುತ್ತಿದ್ದ ಪಾಡು ಆಕೆಯ ಕಣ್ಣಿಗೆ ಬಿತ್ತು. ಯಾರೂ ಹೇಳದೆಯೇ ರೊಟ್ಟಿಯನ್ನು ತುಂಡು ಮಾಡಿಟ್ಟು, ಮುಗುಳ್ನಕ್ಕು ಹೊರಡತೊಡಗಿದಳು. ವೃದ್ಧೆಯ ಮನಸ್ಸು ಕರಗಿದ್ದು ಕೇಳದೆ ಬಂದ ಆ ಸೇವೆಯಿಂದ, ಆ ನಗುವಿನಿಂದ. ಸಿಡುಕಿನ ಹಿಂದೆ ಅನೇಕ ಸಲ ನೋವೊಂದು ಅಡಗಿರುತ್ತದೆ. ದೂರ ನಿಂತವರಿಗೆ ಸಿಡುಕಷ್ಟೇ ಕೇಳಿಸುತ್ತದೆ.

ಇನ್ನೊಬ್ಬ ಸೋದರಿಯ ವಿಷಯ ಬೇರೆ. ಅವರ ಮಾತು, ನಡೆ, ಸ್ವಭಾವ ಯಾವುದೂ ತೆರೇಸಾಳಿಗೆ ಹಿಡಿಸುತ್ತಿರಲಿಲ್ಲ. ಆ ಬೇಸರವನ್ನು ಆಕೆ ಇಲ್ಲವೆನ್ನಲಿಲ್ಲ, ಅದು ಹೇಳಿದಂತೆ ನಡೆಯಲೂ ಇಲ್ಲ. ಅವರನ್ನು ಕಂಡಾಗಲೆಲ್ಲ ಅವರಿಗಾಗಿ ಪ್ರಾರ್ಥಿಸಿದಳು. ಕೈಲಾದ ಸಹಾಯ ಮಾಡಿದಳು. ಕಟುವಾದ ಉತ್ತರ ನಾಲಗೆಗೆ ಬಂದಾಗ ನಕ್ಕು ಮಾತು ಬದಲಿಸಿದಳು. ತನ್ನಲ್ಲಿ ಮೆಚ್ಚುವಂಥದು ಏನಿದೆ, ಕಂಡಾಗಲೆಲ್ಲ ನಗುತ್ತೀಯಲ್ಲ ಎಂದು ಒಂದು ದಿನ ಆ ಸೋದರಿಯೇ ಕೇಳಿದರು. ಇಷ್ಟಾದರೂ ತಡೆಯಲಾಗದ ಗಳಿಗೆಗಳು ಬರುತ್ತಿದ್ದವು. ಆಗ ರಣರಂಗ ಬಿಟ್ಟ ಸಿಪಾಯಿಯಂತೆ ಓಡಿಹೋಗುತ್ತಿದ್ದುದನ್ನೂ ಆಕೆ ಮರೆಮಾಚದೆ ಬರೆದಿದ್ದಾಳೆ.

ಪ್ರೀತಿಸುವವರನ್ನು ಮಾತ್ರ ಪ್ರೀತಿಸುವುದರಲ್ಲಿ ಹೆಚ್ಚುಗಾರಿಕೆಯಿಲ್ಲವೆಂದು ಯೇಸುಸ್ವಾಮಿ ಪರ್ವತಪ್ರಸಂಗದಲ್ಲಿ ಬೋಧಿಸಿದರು. ಒಳ್ಳೆಯವರು, ಕೆಟ್ಟವರು ಎಂದು ನೋಡದೆ ಸುರಿಯುವ ಮಳೆಯನ್ನು ಅದಕ್ಕೆ ದೃಷ್ಟಾಂತವಾಗಿ ತೋರಿಸಿದರು. ಬಹಳವಾಗಿ ಕ್ಷಮೆ ಪಡೆದ ಆಳು ಜೊತೆಯವನ ಸಣ್ಣ ಸಾಲವನ್ನು ಮನ್ನಿಸಲಾರದೆ ಹೋದ ಸಾಮತಿಯನ್ನೂ ಹೇಳಿದರು. ಕ್ರೈಸ್ತನ ಸಹನೆಗೆ ಆಧಾರ ಇಲ್ಲಿದೆ: ದೇವರು ತನ್ನನ್ನು ಸಹಿಸಿದ್ದಾನೆಂಬ ಅರಿವು. ಒಬ್ಬರನ್ನು ಮೆಚ್ಚೆಂದು ಮನಸ್ಸಿಗೆ ಅಪ್ಪಣೆ ಮಾಡಲಾಗದು. ಅವರ ರೊಟ್ಟಿಯನ್ನು ತುಂಡು ಮಾಡೆಂದು ಕೈಗೆ ಹೇಳಬಹುದು. ಯೇಸುಸ್ವಾಮಿಯ ಆಜ್ಞೆಯನ್ನು ತೆರೇಸಾ ಪಾಲಿಸಿದ್ದು ಹೀಗೆ.

ಶಾಲೆಯ ತರಗತಿಯೂ ಒಂದು ರೀತಿಯಲ್ಲಿ ಆ ಮಠದಂತೆಯೇ. ಜೊತೆಗಾರರನ್ನು ಯಾರೂ ಆರಿಸಿಕೊಂಡಿರುವುದಿಲ್ಲ. ‘ಅವನ ಪಕ್ಕ ನಾನು ಕೂರುವುದಿಲ್ಲ’ ಎಂದು ಮನೆಗೆ ಬಂದ ಮಗುವಿಗೆ, ಅವನನ್ನು ನೀನು ಇಷ್ಟಪಡಲೇಬೇಕೆಂದು ತಂದೆತಾಯಿ ಹೇಳಿದರೆ ಅದು ಆಗದ ಮಾತು. ಅವನಿಗೆ ಯಾವುದು ಕಷ್ಟವಾಗಿದೆ, ನಾಳೆ ಅವನಿಗಾಗಿ ಮಾಡಬಹುದಾದ ಒಂದು ಕೆಲಸ ಯಾವುದು ಎಂದು ಕೇಳಿದರೆ ಮಗು ಯೋಚಿಸುತ್ತದೆ. ಆದರೆ ಪೆಟ್ಟು, ಬೆದರಿಕೆ, ಹಿಂಸೆಗಳನ್ನು ಸುಮ್ಮನೆ ಸಹಿಸುವುದು ದಯೆಯಲ್ಲ. ಅದನ್ನು ಕೂಡಲೇ ಅಧ್ಯಾಪಕರಿಗೂ ಮನೆಯವರಿಗೂ ತಿಳಿಸಬೇಕೆಂದು ಮಗುವಿಗೆ ಸ್ಪಷ್ಟವಾಗಿ ಹೇಳಿಕೊಡಬೇಕು. ತೆರೇಸಾ ಕೂಡ ತಡೆಯಲಾಗದಾಗ ಅಲ್ಲಿಂದ ದೂರ ಸರಿದವಳೇ.

ಮನೆಯಲ್ಲಿಯೂ ಹತ್ತು ನಿಮಿಷದ ಇಂಥ ದಾರಿಗಳಿವೆ. ಹಾಸಿಗೆ ಹಿಡಿದ ಅಜ್ಜಿ ಸಂಜೆ ಮೂರನೆಯ ಸಲ ಕೂಗುತ್ತಾರೆ. ಗಂಜಿ ತಣ್ಣಗಾಯಿತೆಂದು ಒಮ್ಮೆ, ಬಿಸಿಯೆಂದು ಇನ್ನೊಮ್ಮೆ ದೂರುತ್ತಾರೆ. ಆಗ ಎದ್ದುಹೋಗುವವರು ಯಾರು, ಯಾವ ಮುಖ ಹೊತ್ತು ಎದ್ದುಹೋಗುತ್ತಾರೆ ಎಂಬುದನ್ನು ಪುಸ್ತಕ ತೆರೆದು ಕುಳಿತ ಮಕ್ಕಳು ನೋಡುತ್ತಲೇ ಇರುತ್ತಾರೆ.