ಬಲವಿದ್ದೂ ಬಾರದ ಸರ್ಕಾರಗಳು

ಹೊರನಾಡಿನಲ್ಲಿ ಒಂದು ಸಮುದಾಯವೇ ನಾಶವಾಗುತ್ತಿರುವಾಗ ಬಲಾಢ್ಯ ಸರ್ಕಾರಗಳು ಸುಮ್ಮನಿರುವುದು ಮನಸ್ಸಿಲ್ಲದೆಯೋ, ಕೈಲಾಗದೆಯೋ? ಶ್ರೀರಂಗಪಟ್ಟಣದ ಸೀಮೆಯ ಇತಿಹಾಸದಲ್ಲಿ ಎರಡೂ ವಾದಗಳಿಗೆ ಆಧಾರ ಸಿಗುತ್ತದೆ.

ಪರ: ಮನಸ್ಸಿಲ್ಲದೆ

1784ರ ಫೆಬ್ರವರಿಯಲ್ಲಿ ಮೈಸೂರನ್ನಾಳುತ್ತಿದ್ದ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕೆನರಾ ಸೀಮೆಯ ಕ್ರೈಸ್ತರನ್ನು ಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಆಗಿನ ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬುದು ಅವರ ಮೇಲಿದ್ದ ಆರೋಪ. ಸೆರೆಯಾದವರ ಲೆಕ್ಕದಲ್ಲಿ ಒಮ್ಮತವಿಲ್ಲ; ಹತ್ತಾರು ಸಾವಿರ ಎಂಬುದು ಸಾಮಾನ್ಯ ಅಂದಾಜು. ದಾರಿಯಲ್ಲೂ ಸೆರೆಯಲ್ಲೂ ಬಹಳ ಮಂದಿ ಸತ್ತರು. ಆ ದಿನಗಳಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿಗಳು ಮಂಗಳೂರಿನಲ್ಲಿ ಬೀಡುಬಿಟ್ಟು ಸಂಧಾನ ನಡೆಸುತ್ತಿದ್ದರು. ಮಾರ್ಚ್ 11ರ ಒಪ್ಪಂದದಿಂದ ಕಂಪನಿಗೆ ಸೆರೆಯಾಗಿದ್ದ ತನ್ನ ಸೈನಿಕರು ಮರಳಿ ಸಿಕ್ಕರು, ಹೈದರನ ಕಾಲದ ವ್ಯಾಪಾರದ ಹಕ್ಕುಗಳೂ ಸಿಕ್ಕವು. ಕೆನರಾದವರು ಸೆರೆಯಲ್ಲೇ ಉಳಿದರು.

ಮೇಲುಕೋಟೆಯ ಕಥೆ ಇನ್ನೂ ಕಹಿ. 1782ರಲ್ಲಿ ಮೈಸೂರಿನ ಒಡೆಯರ ಮನೆತನದ ರಾಣಿ ಲಕ್ಷ್ಮಮ್ಮಣ್ಣಿಯವರ ಪರವಾಗಿ ಅವರ ಪ್ರತಿನಿಧಿ ತಿರುಮಲರಾಯರು, ರಾಜ್ಯವನ್ನು ಒಡೆಯರಿಗೆ ಮರಳಿಸಲು ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿದ್ದರು. ಎರಡೇ ವರ್ಷದಲ್ಲಿ ಕಂಪನಿ ಅದನ್ನು ಬದಿಗಿಟ್ಟು ಟಿಪ್ಪುವಿನೊಡನೆ ರಾಜಿಯಾಯಿತು. ಟಿಪ್ಪುವಿನ ಸೇಡು ಮೇಲುಕೋಟೆಯಲ್ಲಿದ್ದ ತಿರುಮಲರಾಯರ ಬಂಧುಬಳಗದ ಮೇಲೆ ಬಿತ್ತು. ಅವರ ಸಮುದಾಯವಾದ ಮಂಡ್ಯಂ ಅಯ್ಯಂಗಾರರ ಹಲವು ಮನೆಗಳಲ್ಲಿ ಇಂದಿಗೂ ನರಕ ಚತುರ್ದಶಿಯಂದು ಹಬ್ಬವಿಲ್ಲ. ಅಂದು ತಮ್ಮವರ ಹತ್ಯೆಯಾಯಿತೆಂಬುದು ಅವರ ನೆನಪು. ಸತ್ತವರೆಷ್ಟು, ಯಾವ ವರ್ಷ ಎಂಬುದು ವಿವಾದದಲ್ಲಿದೆ. ಮೇಲುಕೋಟೆ ದೇವಾಲಯಕ್ಕೆ ಟಿಪ್ಪು ಕಾಣಿಕೆ ಕೊಟ್ಟದ್ದೂ ದಾಖಲಾಗಿದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ನಂಬಿಸಿದವರು ಕೈಬಿಟ್ಟದ್ದರಲ್ಲಿ ವಿವಾದವಿಲ್ಲ.

ಇದು ಹಳೆಯ ಕಾಲದ, ಈ ಸೀಮೆಯ ಮಾತಷ್ಟೇ ಅಲ್ಲ. ನರಮೇಧ ತಡೆಯುವ ಹೊಣೆಯನ್ನು 1948ರ ವಿಶ್ವಸಂಸ್ಥೆಯ ಒಪ್ಪಂದ ರಾಷ್ಟ್ರಗಳ ಮೇಲೆ ಹೊರಿಸಿತು. ಆದರೂ 1994ರ ಏಪ್ರಿಲ್‌ನಲ್ಲಿ ರುವಾಂಡಾದಲ್ಲಿ ನರಮೇಧ ನಡೆಯುತ್ತಿರುವಾಗಲೇ ಭದ್ರತಾ ಮಂಡಳಿ ಅಲ್ಲಿನ ಶಾಂತಿಪಡೆಯನ್ನು ಸುಮಾರು 270 ಮಂದಿಗೆ ಇಳಿಸಲು ತೀರ್ಮಾನಿಸಿತು.

ವಿರೋಧ: ಕೈಲಾಗದೆ

ದೂರದಿಂದ ಕಾಣುವ ಬಲವೇ ಬೇರೆ, ಸ್ಥಳದಲ್ಲಿರುವ ಬಲವೇ ಬೇರೆ. 1784ರ ಹೊತ್ತಿಗೆ ಮದರಾಸಿನ ಕಂಪನಿ ಸರ್ಕಾರದ ಬೊಕ್ಕಸ ಬರಿದಾಗಿತ್ತು. ಮಂಗಳೂರು ಕೋಟೆಯಲ್ಲಿದ್ದ ಕಂಪನಿಯ ಪಡೆ ಹಸಿವಿನಿಂದ ಕಂಗೆಟ್ಟು ಜನವರಿಯಲ್ಲೇ ಶರಣಾಗಿತ್ತು. ಮುಂದಿನ ಯುದ್ಧದಲ್ಲಿ, 1791ರ ಮೇ ತಿಂಗಳಲ್ಲಿ, ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ದೊಡ್ಡ ದಂಡು ಕಟ್ಟಿಕೊಂಡು ಬಂದು ಅರಕೆರೆಯ ಬಳಿ ಗೆದ್ದ. ಶ್ರೀರಂಗಪಟ್ಟಣ ಕೂಗಳತೆಯಲ್ಲಿತ್ತು. ಆದರೆ ಅಕ್ಕಿ ತೀರಿತ್ತು, ಬಂಡಿ ಎಳೆಯುವ ಎತ್ತುಗಳು ಸತ್ತು ಬೀಳುತ್ತಿದ್ದವು. ಈಗ ಕೃಷ್ಣರಾಜಸಾಗರದ ನೀರಿನಡಿ ಇರುವ ಹಳೆಯ ಕನ್ನಂಬಾಡಿಯ ಬಳಿ ಅವನು ಕೋಟೆ ಒಡೆಯುವ ತನ್ನ ಫಿರಂಗಿಗಳನ್ನು ತಾನೇ ಸಿಡಿಸಿ ಹಿಂದಿರುಗಬೇಕಾಯಿತು.

ಬಂದ ಸೈನ್ಯವೂ ಜನರನ್ನು ಉಳಿಸುತ್ತದೆಂದು ಹೇಳಲಾಗದು. ಕಂಪನಿಯ ಮಿತ್ರನಾದ ಪರಶುರಾಮ ಭಾವುವಿನ ಮರಾಠಾ ದಂಡು 1792ರಲ್ಲಿ ನಾಗಮಂಗಲವನ್ನು ಹಾಳುಗೆಡವಿ ತೋಟಗಳನ್ನು ಕಡಿಯಿತು. ನಾಗಮಂಗಲದ ರೈತ ಯಾವ ದ್ರೋಹವನ್ನೂ ಮಾಡಿರಲಿಲ್ಲ.

ಪರ ವಾದದ ಮರುಮಾತು

ಕೈಲಾಗಲಿಲ್ಲವೆಂಬ ಸಮರ್ಥನೆ 1784ಕ್ಕೆ ನಿಲ್ಲುತ್ತದೆ, 1792ಕ್ಕೆ ನಿಲ್ಲುವುದಿಲ್ಲ. ಆ ವರ್ಷ ಕಂಪನಿಯೂ ಅದರ ಮಿತ್ರರೂ ಮತ್ತೆ ಬಂದು ಗೆದ್ದರು; ಷರತ್ತು ಹಾಕಿದವರು ಗೆದ್ದವರೇ. ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಗಿ ಟಿಪ್ಪುವಿನ ಇಬ್ಬರು ಮಕ್ಕಳು, ತಮ್ಮ ತಮ್ಮ ಪಕ್ಷದ ಸೆರೆಯಾಳುಗಳು, ಎಲ್ಲವನ್ನೂ ಕೇಳಿ ಪಡೆದರು. ಕೆನರಾದವರು ಟಿಪ್ಪುವಿನ ಪ್ರಜೆಗಳಾದ್ದರಿಂದ ಯಾರ ಪಟ್ಟಿಯಲ್ಲೂ ಬರಲಿಲ್ಲ. ಬದುಕುಳಿದವರಿಗೆ ಬಿಡುಗಡೆ ಸಿಕ್ಕಿದ್ದು 1799ರ ಮೇ 4ರಂದು ಕೋಟೆ ಬಿದ್ದ ಮೇಲೆ. ಕಂಪನಿ ಆ ಯುದ್ಧ ಹೂಡಿದ್ದು ಫ್ರೆಂಚರೊಡನೆ ಟಿಪ್ಪು ಬೆಳೆಸಿದ್ದ ಸಂಪರ್ಕಕ್ಕಾಗಿ, ಸೆರೆಯಾಳುಗಳಿಗಾಗಿ ಅಲ್ಲ.