ಎರಡು ಸುತ್ತಿನ ಕೋಟೆ

ಬಳ್ಳಾರಿ ಗುಡ್ಡದ ಕೋಟೆಗೆ ಎರಡು ಸುತ್ತು. ಮೇಲಿನ ಸುತ್ತು ವಿಜಯನಗರದ ಸಾಮಂತನಾಗಿದ್ದ ಹನುಮಪ್ಪ ನಾಯಕನದು. ಅಡಿಯ ಸುತ್ತು 1769ರ ಅನಂತರ ಹೈದರ್ ಅಲಿ ಕಟ್ಟಿಸಿದುದು. ಕೆಳಗಿನ ಬಾಗಿಲನ್ನು ಭೇದಿಸಿ ಬಂದವನಿಗೂ ಮೇಲಿನ ಬಾಗಿಲು ಮುಚ್ಚಿಯೇ ಇರಬೇಕು. ಒಂದರ ಕೀಲಿಕೈ ಇನ್ನೊಂದಕ್ಕೆ ಹೊಂದಬಾರದು. ಕೋಟೆ ಕಟ್ಟುವವರ ಈ ಹಳೆಯ ವಿವೇಕ ಈಗ ಅದೇ ಊರಿನ ವಿದ್ಯಾರ್ಥಿಗಳಿಗೆ ಬೇರೊಂದು ರೂಪದಲ್ಲಿ ಬೇಕಾಗಿದೆ.

ಬ್ರಿಟಿಷರ ಸೇನಾನೆಲೆಯ ಹೆಸರನ್ನು ಇನ್ನೂ ಉಳಿಸಿಕೊಂಡಿರುವ ಕಂಟೋನ್ಮೆಂಟ್ ಭಾಗದಲ್ಲಿ ಇಂದು ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಜ್ಞಾನಸಾಗರ ಆವರಣವಿದೆ. 2010ರಲ್ಲಿ ಸ್ಥಾಪಿತವಾದ ಈ ವಿದ್ಯಾಸಂಸ್ಥೆಯ ವ್ಯಾಪ್ತಿಯಲ್ಲಿ ಸಿರುಗುಪ್ಪ, ಕುರುಗೋಡುಗಳ ಮಕ್ಕಳೂ ಓದುತ್ತಾರೆ. ಹಿಂದೆ ಪರೀಕ್ಷೆಯ ಅರ್ಜಿಯನ್ನು ಹಿಡಿದು ಕಾಲೇಜಿನ ಕಿಟಕಿಯ ಮುಂದೆ ಸಾಲಿನಲ್ಲಿ ನಿಲ್ಲಬೇಕಾಗಿತ್ತು. 2021ರಿಂದೀಚೆಗೆ ರಾಜ್ಯದ ವಿಶ್ವವಿದ್ಯಾಲಯಗಳು ಬಳಸತೊಡಗಿದ ಯುಯುಸಿಎಂಎಸ್ ಎಂಬ ಏಕೀಕೃತ ವ್ಯವಸ್ಥೆಯಲ್ಲಿ ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶಗಳೆಲ್ಲವೂ ಒಂದು ಖಾತೆಯೊಳಗೆ ಅಡಗಿವೆ. ಇಮೇಲ್ ಖಾತೆಯ ಮಾತಂತೂ ಇನ್ನೂ ದೊಡ್ಡದು. ಇತರ ಖಾತೆಗಳ ಪಾಸ್‌ವರ್ಡ್ ಮರೆತಾಗ ಹೊಸದನ್ನು ಪಡೆಯುವ ದಾರಿ ಸಾಮಾನ್ಯವಾಗಿ ಅಲ್ಲಿಗೇ ಬರುವುದರಿಂದ, ಅದನ್ನು ವಶಪಡಿಸಿಕೊಂಡವನಿಗೆ ಉಳಿದ ಬಾಗಿಲುಗಳೂ ತಾವಾಗಿ ತೆರೆದುಕೊಳ್ಳುತ್ತವೆ.

ಪಾಸ್‌ವರ್ಡ್ ಎಂಬ ಗುಪ್ತಪದವೊಂದೇ ಸಾಲದೆ? ಸಾಲದೆಂಬುದು ಗಣಕಯಂತ್ರದ ಬಾಲ್ಯದಲ್ಲಿಯೇ ತಿಳಿದುಬಂತು. ಅದೂ ಒಂದು ವಿಶ್ವವಿದ್ಯಾಲಯದಲ್ಲಿಯೇ. ಅಮೆರಿಕದ ಎಂ.ಐ.ಟಿ.ಯಲ್ಲಿ ಅನೇಕರು ಹಂಚಿಕೊಂಡು ಬಳಸುತ್ತಿದ್ದ ಯಂತ್ರಕ್ಕೆ ತಲಾ ಒಂದು ಗುಪ್ತಪದವನ್ನು ಗೊತ್ತುಪಡಿಸಲಾಗಿತ್ತು. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧನ ವಿದ್ಯಾರ್ಥಿ, ತನಗೆ ದೊರೆತ ಸಮಯ ಸಾಲದೆಂದು, ಗುಪ್ತಪದಗಳ ಪಟ್ಟಿಯನ್ನೇ ಆ ಯಂತ್ರದಿಂದ ಅಚ್ಚು ಮಾಡಿಸಿಕೊಂಡ! ಕಳ್ಳನಲ್ಲ, ದರೋಡೆಗಾರನಲ್ಲ, ಕೆಲಸದ ಆತುರದಲ್ಲಿದ್ದ ಜಾಣ. ಬಾಯಿಂದ ಬಾಯಿಗೆ, ಕಾಗದದಿಂದ ಕಾಗದಕ್ಕೆ ಹರಿಯಬಲ್ಲ ಪದವೊಂದರ ಮೇಲೆ ಎಲ್ಲ ಭಾರವನ್ನೂ ಹೊರಿಸಿದರೆ ಆಗುವುದು ಹೀಗೆಯೇ.

ಆದುದರಿಂದಲೇ ಎರಡನೆಯ ಸುತ್ತು. ಮನುಷ್ಯನನ್ನು ಗುರುತಿಸಲು ಮೂರು ಬಗೆಯ ಸಾಕ್ಷ್ಯಗಳುಂಟು: ಅವನು ಬಲ್ಲದ್ದು, ಅವನ ಬಳಿ ಇರುವುದು, ಅವನೇ ಆಗಿರುವುದು. ಗುಪ್ತಪದ ಮೊದಲನೆಯದು, ಮೊಬೈಲ್ ಎರಡನೆಯದು, ಬೆರಳಚ್ಚು ಮೂರನೆಯದು. ಇವುಗಳಲ್ಲಿ ಬೇರೆ ಬೇರೆ ಬಗೆಯ ಎರಡನ್ನಾದರೂ ಕೇಳುವುದೇ ಬಹು ಹಂತದ ದೃಢೀಕರಣ. ಒಂದೇ ಬಗೆಯ ಎರಡು ಗುಪ್ತಪದಗಳಿದ್ದರೆ ಅದು ಒಂದೇ ಗೋಡೆಗೆ ಎರಡು ಸಲ ಸುಣ್ಣ ಬಳಿದಂತೆ.

ಬ್ಯಾಂಕಿನ ವ್ಯವಹಾರದಿಂದ ಓಟಿಪಿ ಮನೆಮಾತಾಗಿದೆ. ಅದಕ್ಕಿಂತ ಭದ್ರವಾದುದು ಅಥೆಂಟಿಕೇಟರ್ ಆ್ಯಪ್. ಖಾತೆಗೂ ಫೋನಿಗೂ ಒಮ್ಮೆ ಒಂದು ರಹಸ್ಯ ಸಂಖ್ಯೆಯನ್ನು ಹಂಚಲಾಗುತ್ತದೆ. ಆ ಬಳಿಕ ಎರಡೂ ಕಡೆ ಅದನ್ನು ಗಡಿಯಾರದ ಸಮಯದೊಡನೆ ಕೂಡಿಸಿ, ಸಾಮಾನ್ಯವಾಗಿ 30 ಸೆಕೆಂಡುಗಳಿಗೊಮ್ಮೆ ಆರಂಕಿಯ ಹೊಸ ಸಂಖ್ಯೆಯೊಂದನ್ನು ಗಣಿಸಲಾಗುತ್ತದೆ. ಇದಕ್ಕೆ ಸಿಗ್ನಲ್ ಬೇಡ, ಸಂದೇಶ ಬೇಡ. ಫೋನಿನ ಗಡಿಯಾರ ಸರಿಯಾಗಿದ್ದರೆ ಸಾಕು.

ಗೂಗಲ್ ಖಾತೆಯಲ್ಲಿ ಇದನ್ನು ಏರ್ಪಡಿಸುವುದು ಹತ್ತು ನಿಮಿಷದ ಕೆಲಸ. ಸೆಕ್ಯುರಿಟಿ ಪುಟದಲ್ಲಿ ಟು-ಸ್ಟೆಪ್ ವೆರಿಫಿಕೇಶನ್ ಎಂಬುದನ್ನು ತೆರೆದು, ಅಥೆಂಟಿಕೇಟರನ್ನು ಆರಿಸಿ, ತೆರೆಯ ಮೇಲೆ ಮೂಡುವ ಕ್ಯೂಆರ್ ಚಿತ್ರವನ್ನು ಫೋನಿನಿಂದ ಓದಿಸಿ, ಫೋನು ತೋರಿಸುವ ಆರಂಕಿಗಳನ್ನು ತುಂಬಿದರೆ ಮುಗಿಯಿತು. ಆದರೆ ಹಲವರು ಇಲ್ಲಿಗೇ ಎದ್ದುಬಿಡುತ್ತಾರೆ. ಬ್ಯಾಕಪ್ ಕೋಡ್ ಎಂಬ ಹತ್ತು ಸಂಖ್ಯೆಗಳು ಅಲ್ಲಿಯೇ ದೊರೆಯುತ್ತವೆ. ಒಂದೊಂದೂ ಒಂದೇ ಬಾರಿಗೆ ಸಲ್ಲುತ್ತದೆ. ಅವನ್ನು ಬರೆದು ಅಂಕಪಟ್ಟಿಗಳಿರುವ ಪೆಟ್ಟಿಗೆಯಲ್ಲಿ ಇಡತಕ್ಕದ್ದು. ಫೋನು ಬಸ್ಸಿನಲ್ಲಿ ಕಳೆದ ದಿನ ಒಳಹೋಗಲು ಆ ಚೀಟಿಯೇ ಗತಿ. ಅದನ್ನು ಫೋನಿನಲ್ಲಿಯೇ ಚಿತ್ರವಾಗಿ ಇಟ್ಟರೆ ಪ್ರಯೋಜನವಿಲ್ಲ.

ಇಷ್ಟಾದರೂ ಕೋಟೆ ಅಭೇದ್ಯವೆನ್ನಲಾಗದು. ಹೈದರನಿಗಾಗಿ ಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರನು ಎದುರಿನ ಕುಂಬಾರ ಗುಡ್ಡ ಇನ್ನೂ ಎತ್ತರವಾಗಿದೆಯೆಂಬುದನ್ನು ಗಮನಿಸದೆ ಹೋದನೆಂದೂ, ಅದಕ್ಕಾಗಿ ನೇಣಿಗೇರಿದನೆಂದೂ ಬಳ್ಳಾರಿಯಲ್ಲಿ ಪ್ರತೀತಿ. ನಮ್ಮ ಖಾತೆಗಳ ಕುಂಬಾರ ಗುಡ್ಡವೆಂದರೆ ಫೋನಿನಲ್ಲಿ ಬರುವ ಇಂಪಾದ ದನಿ. “ವಿಶ್ವವಿದ್ಯಾಲಯದಿಂದ ಮಾತಾಡುತ್ತಿದ್ದೇವೆ, ಸ್ಕಾಲರ್‌ಶಿಪ್ ಬಂದಿದೆ, ಓಟಿಪಿ ಹೇಳಿಬಿಡಿ” ಎಂದಾಗ ಹೇಳಿಬಿಟ್ಟರೆ ಎರಡು ಸುತ್ತೂ ಒಮ್ಮೆಗೇ ಉರುಳುತ್ತವೆ. ಪ್ರಾಮಾಣಿಕ ಕಚೇರಿ ಯಾವುದೂ ಆ ಸಂಖ್ಯೆಯನ್ನು ಕೇಳುವುದಿಲ್ಲ. ವಂಚನೆಯಿಂದ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಇನ್ನು ಮನೆಯವರು ಯೋಚಿಸಬೇಕಾದ ಮಾತೊಂದುಂಟು. ಸಿರುಗುಪ್ಪದ ಕಡೆಯ ಹುಡುಗಿಯೊಬ್ಬಳು ಪರೀಕ್ಷೆಯ ಅರ್ಜಿ ತುಂಬಲು ಸೈಬರ್ ಸೆಂಟರಿಗೆ ಬಂದಿದ್ದಾಳೆಂದು ಭಾವಿಸೋಣ. ಖಾತೆಗೆ ಕೊಟ್ಟಿರುವುದು ತಂದೆಯ ನಂಬರು. ತಂದೆ ಭತ್ತದ ಗದ್ದೆಯಲ್ಲಿ. ಓಟಿಪಿಗೆ ಇರುವ ಆಯುಸ್ಸು ಕೆಲವೇ ನಿಮಿಷ. ಅಂದೇ ಕಡೆಯ ದಿನ. ತೊಂದರೆ ತಪ್ಪಲೆಂದು ಅಂಗಡಿಯಾತ ತನ್ನ ನಂಬರನ್ನೇ ತುಂಬಿದನೆಂದರೆ, ಉಪಕಾರವೇನೋ ನಿಜ. ಆದರೆ ಆಕೆಯ ವಿದ್ಯಾಭ್ಯಾಸದ ಕೀಲಿಕೈ ಪರರ ಜೇಬಿಗೆ ಸೇರಿತು. ಅಣ್ಣನ ಹಳೆಯ ಸಿಮ್ಮೂ ಅಷ್ಟೆ: ಬಹುಕಾಲ ಬಳಸದ ನಂಬರನ್ನು ಕಂಪನಿಗಳು ರದ್ದುಮಾಡಿ ಬೇರೆಯವರಿಗೆ ಕೊಡುತ್ತವೆ.

ನಗರದ ಸುಶಿಕ್ಷಿತ ಮನೆಗಳಲ್ಲಿಯೂ ಈ ವಾಡಿಕೆ ಅಪರೂಪವಲ್ಲ. ಮಗಳಿಗೆ ಸ್ವಂತ ನಂಬರು ಏತಕ್ಕೆಂದು ಕೇಳುವ ಹಿರಿಯರು, ಆಕೆಯ ಅಂಕಪಟ್ಟಿಯ ಮೇಲೆ ಯಾರ ಹೆಸರಿರುವುದೆಂದು ಒಮ್ಮೆ ನೋಡಬೇಕು. ಮಕ್ಕಳನ್ನು ಕಾಲೇಜಿಗೆ ಸೇರಿಸುವ ದಿನವೇ ಅವರವರ ಹೆಸರಿನ ಸಿಮ್, ಅವರೇ ಆರಿಸಿಕೊಂಡ ಗುಪ್ತಪದ, ಪೆಟ್ಟಿಗೆಯಲ್ಲಿ ಬ್ಯಾಕಪ್ ಚೀಟಿ, ಈ ಮೂರನ್ನೂ ಸಿದ್ಧಪಡಿಸಿದರೆ ಶುಲ್ಕ ಕಟ್ಟಿದಷ್ಟೇ ಮುಖ್ಯವಾದ ಕಾರ್ಯವೊಂದು ಮುಗಿದಂತೆ. ಓದುವವರು ಯಾರೋ ಕೀಲಿಕೈಯೂ ಅವರ ಕೈಯಲ್ಲಿಯೇ ಇರುವುದು ನ್ಯಾಯ.