ಮನೆಯ ಆರೋಗ್ಯ: ಬಾಟಲಿಯಿಂದ ಇಳಿಯುವ ಪೌರುಷ

ಅಮೆರಿಕ ಸಂಯುಕ್ತ ಸಂಸ್ಥಾನಗಳ ದೊಡ್ಡ ಪಟ್ಟಣಗಳಲ್ಲಿ ಪುರುಷರಿಗಾಗಿಯೇ ತೆರೆದ ಆರೋಗ್ಯ ಕೇಂದ್ರಗಳು ಈಗ ಹೇರಳವಾಗಿವೆ. ನಲವತ್ತು ದಾಟಿದ ಗೃಹಸ್ಥನು ಅಲ್ಲಿ ಒರಗುಕುರ್ಚಿಯ ಮೇಲೆ ಮೈಚಾಚುತ್ತಾನೆ. ದಾದಿಯು ಅವನ ತೋಳಿನ ರಕ್ತನಾಳಕ್ಕೆ ಸೂಜಿಯನ್ನು ಚುಚ್ಚಿ, ಮೇಲೆ ತೂಗುಹಾಕಿದ ಚೀಲದಿಂದ ಹಳದಿಯ ದ್ರವವನ್ನು ತೊಟ್ಟುತೊಟ್ಟಾಗಿ ಇಳಿಸುತ್ತಾಳೆ. ಅದರಲ್ಲಿ ಬಿ ಗುಂಪಿನ ಜೀವಸತ್ವಗಳು, ಸಿ ಜೀವಸತ್ವ, ಮೆಗ್ನೀಸಿಯಂ ಮೊದಲಾದುವು ಬೆರೆತಿರುತ್ತವೆ. ಹೆಚ್ಚು ಹಣ ತೆರಬಲ್ಲವನಿಗೆ ಎನ್.ಎ.ಡಿ. ಎಂಬ ಸಹಕಿಣ್ವವೂ ಉಂಟು. ಆಯಾಸ ಕಳೆಯುವುದು, ಬುದ್ಧಿ ಚುರುಕಾಗುವುದು, ಹೋದ ಯೌವನ ಮರಳುವುದು ಎಂದು ಜಾಹೀರಾತುಗಳು ಸಾರುತ್ತವೆ. ಬೆಂಗಳೂರು, ಮುಂಬಯಿಗಳಲ್ಲಿಯೂ ಇಂತಹ ಚಿಕಿತ್ಸೆಯ ಮಳಿಗೆಗಳು ಕಾಣಿಸಿಕೊಂಡಿವೆ. ಆದುದರಿಂದ ಈ ತಿಂಗಳು ಇದರ ಸತ್ಯಾಸತ್ಯವನ್ನು ವಾಚಕರ ಮುಂದಿಡುವುದು ಯುಕ್ತವೆಂದು ನಮಗೆ ತೋರಿದೆ.

ಪುರುಷನ ಈ ಹಂಬಲ ಇಂದಿನದಲ್ಲ. 1889ರಲ್ಲಿ ಪ್ಯಾರಿಸ್ ನಗರದ ಪ್ರಖ್ಯಾತ ಶರೀರಶಾಸ್ತ್ರಜ್ಞ ಬ್ರೌನ್-ಸೆಕಾರ್ ಎಂಬವನು ತನ್ನ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ನಾಯಿ ಮತ್ತು ಗಿನಿಯಿಲಿಗಳ ವೃಷಣಗಳ ರಸವನ್ನು ತನ್ನ ಮೈಗೆ ಚುಚ್ಚಿಕೊಂಡು, ಮುಂಗೈಯ ಬಲವೂ ಕೆಲಸದ ಹುರುಪೂ ಮರಳಿದುವೆಂದು ವಿದ್ವತ್ಸಭೆಯಲ್ಲಿ ಸಾರಿದನು. ಲೋಕವೆಲ್ಲ ಆ ರಸಕ್ಕಾಗಿ ಮುಗಿಬಿದ್ದಿತು. ಐದು ವರ್ಷಗಳಲ್ಲಿ ಅವನು ತೀರಿಕೊಂಡನು. 2002ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಅದೇ ವಿಧಾನದಿಂದ ರಸವನ್ನು ತಯಾರಿಸಿ ಅಳೆದು ನೋಡಲು, ಅದರಲ್ಲಿದ್ದ ಪುರುಷಚೋದಕವು ಯಾವ ಪರಿಣಾಮವನ್ನೂ ಮಾಡಲಾರದಷ್ಟು ಅಲ್ಪವೆಂದು ತಿಳಿದುಬಂದಿತು. ಮುದುಕನ ಬಲ ಬಂದುದು ಔಷಧದಿಂದಲ್ಲ, ನಂಬಿಕೆಯಿಂದ. ನಮ್ಮ ನಾಡಿನ ಪತ್ರಿಕೆಗಳಲ್ಲಿ ಧಾತುಪುಷ್ಟಿಯ ಲೇಹ್ಯಗಳು ಮಾರಾಟವಾದುದೂ ಇದೇ ನಂಬಿಕೆಯ ಬಲದಿಂದಲೇ ಅಲ್ಲವೇ?

ಇನ್ನು ಸಹಕಿಣ್ವದ ವಿಚಾರ. 1906ರಲ್ಲಿ ಆರ್ಥರ್ ಹಾರ್ಡನ್ ಮತ್ತು ವಿಲಿಯಂ ಯಂಗ್ ಎಂಬ ಆಂಗ್ಲ ವಿಜ್ಞಾನಿಗಳು, ಸಕ್ಕರೆಯನ್ನು ಹುದುಗಿಸುವ ಯೀಸ್ಟಿನ ರಸದಲ್ಲಿ ಕಿಣ್ವಕ್ಕೆ ನೆರವಾಗುವ ಬೇರೊಂದು ವಸ್ತುವಿರುವುದನ್ನು ಕಂಡರು. ಅದೇ ಎನ್.ಎ.ಡಿ. ಈ ಕಾರ್ಯವನ್ನು ಮುಂದುವರಿಸಿದ ಆಯ್ಲರ್-ಕೆಲ್ಪಿನ್‌ನಿಗೂ ಹಾರ್ಡನ್ನನಿಗೂ 1929ರ ನೊಬೆಲ್ ಪಾರಿತೋಷಕವು ಹಂಚಿ ಬಂದಿತು. ಈ ವಸ್ತುವನ್ನು ಬಾವಿಯಿಂದ ಮನೆಗೆ ನೀರು ಹೊರುವ ಕೊಡಕ್ಕೆ ಹೋಲಿಸಬಹುದು. ಅನ್ನವು ಜೀವಕೋಶದಲ್ಲಿ ಕರಗುವಾಗ ಹೊಮ್ಮುವ ಶಕ್ತಿಯ ಕಣಗಳನ್ನು ಇದು ಒಂದೆಡೆ ತುಂಬಿಕೊಂಡು ಇನ್ನೊಂದೆಡೆ ಸುರಿಯುತ್ತದೆ. ಬರಿದಾಗಿ ಮತ್ತೆ ಬಾವಿಗೆ ಮರಳುತ್ತದೆ. ಬಾವಿಯಲ್ಲಿ ನೀರಿಲ್ಲದೆ ಕೊಡಗಳನ್ನು ಮಾತ್ರ ಕೊಂಡು ತಂದರೆ ಪ್ರಯೋಜನವೇನು?

ಕೊಡವನ್ನು ಮಾಡುವ ಕುಂಬಾರನು ನಮ್ಮ ಮೈಯೊಳಗೇ ಇದ್ದಾನೆ. ಅವನಿಗೆ ಬೇಕಾದ ಮಣ್ಣು ನಯಾಸಿನ್ ಎಂಬ ಬಿ ಜೀವಸತ್ವ. ಅದು ತೀರ ಕಡಿಮೆಯಾದಾಗ ಚರ್ಮ ಕಪ್ಪಾಗಿ ಬಿರಿದು, ಭೇದಿ ಹತ್ತಿ, ಚಿತ್ತವೂ ಕೆಡುವ ಪೆಲಾಗ್ರ ಎಂಬ ರೋಗ ಬರುವುದು. 1937ರಲ್ಲಿ ಅಮೆರಿಕದ ಕಾನ್ರಾಡ್ ಎಲ್ವೆಹ್ಯೆಮ್ ಎಂಬವನು ನಾಯಿಗಳಲ್ಲಿ ಇದನ್ನು ಹೋಲುವ ಕಪ್ಪುನಾಲಗೆಯ ರೋಗವನ್ನು ಈ ಸತ್ವದಿಂದ ಗುಣಪಡಿಸಿ ತೋರಿಸಿದನು. ಜೋಳವನ್ನೇ ಉಂಡು ಬದುಕುತ್ತಿದ್ದ ದಖ್ಖನಿನ ಬಡವರಲ್ಲಿ ಪೆಲಾಗ್ರ ಕಾಣುತ್ತಿದ್ದುದರ ವಿಚಾರವಾಗಿ ಹೈದರಾಬಾದಿನ ಗೋಪಾಲನ್ ಮತ್ತು ಶ್ರೀಕಂಠಯ್ಯ ಎಂಬ ಪೋಷಣಶಾಸ್ತ್ರಜ್ಞರು 1960ರಲ್ಲಿ ಲೇಖನವನ್ನು ಪ್ರಕಟಿಸಿದರು. ರೊಟ್ಟಿಯ ಜೊತೆಗೆ ಕಾಳಿನ ಪಲ್ಯವೂ ಶೇಂಗಾ ಚಟ್ನಿಯೂ ಇರುವ ಊಟದಲ್ಲಿ ಆ ಮಣ್ಣಿಗೆ ಬರವಿಲ್ಲ.

ವಯಸ್ಸಾದಂತೆ ಕೆಲವು ಅಂಗಾಂಶಗಳಲ್ಲಿ ಎನ್.ಎ.ಡಿ. ತಗ್ಗುವುದೆಂಬುದೂ, ಅದರ ಮೂಲವಸ್ತುಗಳನ್ನು ತಿನ್ನಿಸಿದಾಗ ಮುದಿ ಇಲಿಗಳು ಚೇತರಿಸಿಕೊಂಡುದೂ ನಿಜವೇ. ಆದರೆ ಇಲಿಗೆ ಬಾಯಲ್ಲಿ ಕೊಟ್ಟುದಕ್ಕೂ ಮನುಷ್ಯನಿಗೆ ನಾಳದಲ್ಲಿ ಇಳಿಸುವುದಕ್ಕೂ ನಡುವೆ ದೊಡ್ಡ ಕಂದಕವಿದೆ. ರಕ್ತಕ್ಕೆ ಬಿಟ್ಟ ಎನ್.ಎ.ಡಿ. ಇಡಿಯಾಗಿ ಜೀವಕೋಶದೊಳಕ್ಕೆ ಸುಲಭವಾಗಿ ಸೇರುವುದಿಲ್ಲ. ಬಹುಪಾಲು ಹೊರಗೇ ಒಡೆದು ಹೋಗುತ್ತದೆ. 2019ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಎಂಟು ಮಂದಿ ಪುರುಷರಿಗೆ 750 ಮಿಲಿಗ್ರಾಮಿನಷ್ಟನ್ನು ಆರು ಗಂಟೆಗಳ ಕಾಲ ಇಳಿಸಿದರು. ಮೊದಲ ಎರಡು ಗಂಟೆಗಳಲ್ಲಿ ರಕ್ತದಲ್ಲಿ ಅದರ ಪ್ರಮಾಣ ಏರಲೇ ಇಲ್ಲ. ಬೇಗ ಇಳಿಸಿದರೋ, ವಾಕರಿಕೆ, ಹೊಟ್ಟೆ ನುಲಿತ, ಎದೆ ಬಿಗಿತಗಳು ಉಂಟಾಗುತ್ತವೆ. ಯೌವನವು ಮರಳುವುದೆಂದು ಸ್ಥಾಪಿಸಿದ ದೊಡ್ಡ ಪರೀಕ್ಷೆ ಯಾವುದೂ ಇಲ್ಲ.

ಜೀವಸತ್ವಗಳ ಮಿಶ್ರಣಕ್ಕೆ ಮೂಲಪುರುಷನು ಬಾಲ್ಟಿಮೋರಿನ ವೈದ್ಯ ಜಾನ್ ಮೈಯರ್ಸ್. 1984ರಲ್ಲಿ ಅವನು ತೀರಿಕೊಂಡ ಮೇಲೆ ಅಲನ್ ಗೇಬಿ ಎಂಬ ವೈದ್ಯನು ಅದನ್ನು ತನ್ನ ರೋಗಿಗಳಿಗೆ ಕೊಡುತ್ತ ಬಂದು, 2002ರಲ್ಲಿ ಅದರ ವಿಚಾರವಾಗಿ ಬರೆದನು. 2009ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಮೈಯೆಲ್ಲ ನೋಯುವ 34 ಮಂದಿ ರೋಗಿಗಳಲ್ಲಿ ಕೆಲವರಿಗೆ ಈ ಮಿಶ್ರಣವನ್ನೂ ಉಳಿದವರಿಗೆ ಬರಿಯ ಲವಣಜಲವನ್ನೂ ವಾರಕ್ಕೊಮ್ಮೆ ಎಂಟು ವಾರ ಇಳಿಸಿದರು. ಇಬ್ಬಗೆಯವರಿಗೂ ನೋವು ಶಮನವಾಯಿತು! ಎರಡು ಗುಂಪುಗಳ ನಡುವೆ ಗಣನೀಯವಾದ ಅಂತರವೇ ಕಾಣಲಿಲ್ಲ. ದುಡಿದು ದಣಿದವನು ಒಂದು ಗಂಟೆ ಕಾಲುಚಾಚಿ, ಯಾರೋ ತನ್ನನ್ನು ಉಪಚರಿಸುತ್ತಿರುವರೆಂಬ ನೆಮ್ಮದಿಯಲ್ಲಿ ಒರಗಿದರೆ ಹಾಯೆನಿಸದೆ ಇರುವುದುಂಟೇ?

ನಾಳದ ಚಿಕಿತ್ಸೆಯನ್ನು ನಾವು ಸರ್ವಥಾ ನಿಂದಿಸುತ್ತಿಲ್ಲ. 1832ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲಾಟ ಎಂಬ ವೈದ್ಯನು ವಾಂತಿಭೇದಿಯಿಂದ ಸಾಯುತ್ತಿದ್ದವರ ನಾಳಕ್ಕೆ ಲವಣಜಲವನ್ನು ಹರಿಸಿ ಹೊಸ ದಾರಿಯನ್ನು ತೋರಿದನು. ಕರುಳು ಹೀರಿಕೊಳ್ಳಲಾರದವರಿಗೂ, ಕುಡಿತದಿಂದ ಬಿ-1 ಸತ್ವ ತೀರಿ ಚಿತ್ತಭ್ರಮೆಗೊಂಡವರಿಗೂ ಅದು ಪ್ರಾಣದಾಯಕ. ಆದರೆ 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ನಾಳಕ್ಕೆ ಹರಿಸುವ ದ್ರವ ಮುಗಿಯಲು, ಡಾಕ್ಟರ್ ದಿಲೀಪ್ ಮಹಲನವೀಸರು ಸಕ್ಕರೆ ಉಪ್ಪುಗಳ ನೀರನ್ನು ಬಾಯಿಂದಲೇ ಕುಡಿಸಿದರು. ಶೇಕಡ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಬಾಯಿ ಕೆಲಸಮಾಡುತ್ತಿರುವಾಗ ನಾಳವನ್ನು ತೆರೆಯಬೇಕಾಗಿಲ್ಲವೆಂಬ ಪಾಠವನ್ನು ಜಗತ್ತಿಗೆ ಕಲಿಸಿದವರು ನಮ್ಮ ದೇಶದವರೇ. ಹಾಗಿದ್ದರೂ ನಮ್ಮ ಹಳ್ಳಿಗಳಲ್ಲಿ ಸುಸ್ತೆಂದೊಡನೆ "ಒಂದು ಗ್ಲೂಕೋಸ್ ಬಾಟ್ಲಿ ಹಾಕಿಬಿಡಿ ಸ್ವಾಮಿ" ಎಂದು ವೈದ್ಯರನ್ನು ಕಾಡುವ ಪದ್ಧತಿ ಹೋಗಿಲ್ಲ. ಅರ್ಧ ಲೀಟರಿನ ಸಾಮಾನ್ಯ ಬಾಟಲಿಯಲ್ಲಿರುವ ಸಕ್ಕರೆ 25 ಗ್ರಾಂ, ಎಂದರೆ ಐದಾರು ಸಣ್ಣ ಚಮಚ ಮಾತ್ರ. ಒಂದು ಲೋಟ ಪಾನಕ ಅಷ್ಟನ್ನು ಕೊಡುತ್ತದೆ.

ಪ್ರಯೋಜನವಿಲ್ಲದಿದ್ದರೂ ಅಪಾಯವಿಲ್ಲವಷ್ಟೆ ಎನ್ನುವವರುಂಟು. ಅದೂ ಸರಿಯಲ್ಲ. ಮಿಗಿಲಾದ ಸಿ ಸತ್ವವನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ಅವು ದುರ್ಬಲವಾಗಿದ್ದವನಲ್ಲಿ ಆಕ್ಸಲೇಟ್ ಲವಣವು ಅಲ್ಲಿಯೇ ಕಟ್ಟಿಕೊಂಡು ಕೆಡಕು ಮಾಡಬಹುದು. ಜಿ-6-ಪಿಡಿ ಎಂಬ ಕಿಣ್ವದ ಕೊರತೆಯೊಡನೆ ಹುಟ್ಟಿದವರಿಗೆ ದೊಡ್ಡ ಪ್ರಮಾಣದ ಸಿ ಸತ್ವದಿಂದ ರಕ್ತಕಣಗಳು ಒಡೆಯುತ್ತವೆ. ಮಧುಮೇಹಿಗಳು ಮನೆಯಲ್ಲಿ ಬಳಸುವ ಮಾಪಕಗಳು ಆಗ ತಪ್ಪು ಅಂಕಿಯನ್ನು ತೋರಿಸಬಹುದು. ಶುಚಿಯಿಲ್ಲದೆ ಬೆರಸಿದ ದ್ರವವು ರೋಗಾಣುಗಳನ್ನು ನೇರವಾಗಿ ರಕ್ತಕ್ಕೆ ಸೇರಿಸುವುದು. 2021ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇದನ್ನು ಕುರಿತು ಎಚ್ಚರಿಕೆಯನ್ನು ಹೊರಡಿಸಿತು. ಅದಕ್ಕೆ ಮೊದಲೇ, 2018ರಲ್ಲಿ, ಆಧಾರವಿಲ್ಲದ ಹೊಗಳಿಕೆಗಾಗಿ ಇಂತಹ ಮಾರಾಟಗಾರರೊಬ್ಬರ ಮೇಲೆ ಅಲ್ಲಿನ ಫೆಡರಲ್ ವ್ಯಾಪಾರ ಆಯೋಗವು ಕ್ರಮ ಕೈಗೊಂಡಿತ್ತು.

ಎಲ್ಲಕ್ಕಿಂತ ದೊಡ್ಡ ನಷ್ಟ ಬೇರೆ. ಗಂಡಸು ತನ್ನ ಬಳಲಿಕೆಯನ್ನು ಹೆಂಡತಿಗೂ ಹೇಳದೆ ನುಂಗಿಕೊಳ್ಳುವವನು. ಪುಂಸ್ತ್ವದ ಮಾತಾದರಂತೂ ಬಾಯಿ ಹೊಲಿದಂತೆಯೇ. ಆ ಬಳಲಿಕೆಯ ಹಿಂದೆ ಮಧುಮೇಹ, ರಕ್ತಹೀನತೆ, ಥೈರಾಯಿಡ್ ದೋಷ, ನಿದ್ರೆಯಲ್ಲಿ ಉಸಿರು ಕಟ್ಟುವ ರೋಗ, ಮನೋವ್ಯಥೆ ಇವುಗಳಲ್ಲಿ ಯಾವುದಾದರೂ ಅಡಗಿರಬಹುದು. ಪುಂಸ್ತ್ವದ ಕುಂದು ಕೆಲವೊಮ್ಮೆ ಹೃದಯದ ನಾಳಗಳು ಕಟ್ಟುತ್ತಿರುವುದರ ಮುನ್ಸೂಚನೆ. ಸಸ್ಯಾಹಾರಿಗಳಲ್ಲಿ ಬಿ-12 ಸತ್ವದ ಕೊರತೆ ಸಾಮಾನ್ಯ. ಒಂದು ರಕ್ತಪರೀಕ್ಷೆಯಿಂದ ಅದನ್ನು ತಿಳಿದು ಅಲ್ಪ ವೆಚ್ಚದಲ್ಲಿ ನೀಗಿಸಬಹುದು. ಬಾಟಲಿಯ ಹಾಯಿಯಲ್ಲಿ ತಿಂಗಳುಗಳು ಕಳೆದರೆ ರೋಗವು ಬಲಿಯುತ್ತದೆ. ಇನ್ನು ಅಂತಹ ಕೇಂದ್ರಗಳಲ್ಲಿ ಕೊಡುವ ಟೆಸ್ಟೊಸ್ಟಿರೋನ್ ಚುಚ್ಚುಮದ್ದು ವೀರ್ಯಾಣುಗಳ ಉತ್ಪತ್ತಿಯನ್ನೇ ತಡೆಯುವುದೆಂದು ಸಂತಾನಾಪೇಕ್ಷಿಗಳು ಮರೆಯಬಾರದು. ಲಕ್ಷಣಗಳಿದ್ದು, ಎರಡು ಬೇರೆ ಬೇರೆ ದಿನಗಳ ಮುಂಜಾನೆಯ ರಕ್ತಪರೀಕ್ಷೆಗಳಲ್ಲಿ ಕೊರತೆ ಕಂಡ ಹೊರತು ಅದು ಸಲ್ಲದು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ. ಮೂರು ನಾಲ್ಕು ವಾರಗಳಾದರೂ ಬಿಡದ ಆಯಾಸವಿದ್ದರೆ ಮನೆಯವರಿಗೆ ಹೇಳಿರಿ. ಪರಿಚಿತ ವೈದ್ಯರಲ್ಲಿಗೆ ಹೋಗಿ ಕಾರಣವನ್ನು ಹುಡುಕಿಸಿರಿ. ಯಾರಾದರೂ ನಾಳಕ್ಕೆ ಏನನ್ನಾದರೂ ಇಳಿಸುವೆನೆಂದರೆ, ಯಾವ ಕೊರತೆಗಾಗಿ, ಯಾವ ಪರೀಕ್ಷೆಯ ಆಧಾರದಿಂದ, ಬಾಯಿಂದ ಏಕಾಗದು ಎಂಬ ಮೂರು ಪ್ರಶ್ನೆಗಳನ್ನು ಕೇಳಿರಿ. ಉತ್ತರ ದೊರೆಯದಿದ್ದಲ್ಲಿ ತೋಳನ್ನು ಮಡಿಸಿಕೊಂಡು ಎದ್ದುಬನ್ನಿರಿ. ಗೃಹಿಣಿಯರೂ ಯಜಮಾನರ ಮುಖ ಬಾಡಿದುದನ್ನು ಕಂಡರೆ ಸುಮ್ಮನಿರದೆ ವಿಚಾರಿಸಲಿ. ಹೊತ್ತಿಗೆ ಸರಿಯಾದ ಊಟ, ನಿದ್ರೆ, ನಡಿಗೆ, ಮನಬಿಚ್ಚಿ ಆಡುವ ಮಾತು ಇವುಗಳಿಗೆ ಸೂಜಿ ಬೇಕಾಗಿಲ್ಲ.